123 ಮೀಟರಿನ ಭಾರ

ಸಾಲಿಸ್‌ಬರಿ ಕೆಥೆಡ್ರಲ್‌ನಲ್ಲಿರುವ ಮ್ಯಾಗ್ನಾ ಕಾರ್ಟಾ ಬಗ್ಗೆ ಈ ವಾರ ಬರೆಯುವುದೆಂದು ಅಂಕಣ ಮಾತು ಕೊಟ್ಟಿತ್ತು. 1215ರ ಆ ಸನ್ನದಿನ ನಾಲ್ಕು ಮೂಲ ಪ್ರತಿಗಳು ಮಾತ್ರ ಉಳಿದಿವೆ. ಎರಡು ಬ್ರಿಟಿಷ್ ಲೈಬ್ರರಿಯಲ್ಲಿವೆ, ಒಂದು ಲಿಂಕನ್ ಕೆಥೆಡ್ರಲ್‌ಗೆ ಸೇರಿದ್ದು, ಇನ್ನೊಂದು ಇಲ್ಲಿಯದು. ಸದ್ಯಕ್ಕೆ ಇಷ್ಟು ಸಾಕು. ಸಾಲಿನಲ್ಲಿ ನಿಂತು, ಗಾಜಿನ ಹಿಂದಿನ ಚರ್ಮದ ಹಾಳೆಯನ್ನು ಅರೆನಿಮಿಷ ಇಣುಕಿ ಬರುವ ಜನ, ಕಟ್ಟಡದ ಅಸಲಿ ಸಂಗತಿಯನ್ನು ಅದಾಗಲೇ ದಾಟಿ ಹೋಗಿರುತ್ತಾರೆ. ನಡುಗೋಪುರವನ್ನು ಹೊತ್ತಿರುವ ನಾಲ್ಕು ಕಂಬಗಳು ಬಾಗಿವೆ.

ಅಂಕಿಪಂಥದ ಪ್ರವಾಸಿಗಳ ಮೇಲೆ ಈ ಅಂಕಣಕ್ಕೆ ಹಳೆಯ ಸಿಟ್ಟಿದೆ. ಎತ್ತರ ಎಷ್ಟು, ಉದ್ದ ಎಷ್ಟು, ಯಾವುದರಲ್ಲಿ ನಂಬರ್ ಒನ್? ಉತ್ತರ ಸಿಕ್ಕಿತೋ, ಒಂದು ಸೆಲ್ಫಿ ತೆಗೆದುಕೊಂಡು ಬಸ್ಸು ಹತ್ತಿದರು. ಲಂಡನ್ನಿನಲ್ಲಿರುವ ಮಗಳ ಮನೆಗೆ ಬಂದ ಬೆಂಗಳೂರಿನ ಅಪ್ಪ-ಅಮ್ಮನಿಗೂ ಸ್ಟೋನ್‌ಹೆಂಜ್ ಜೊತೆ ಇದನ್ನೂ ಒಂದೇ ದಿನದಲ್ಲಿ ಮುಗಿಸಿಬಿಡುವ ಏರ್ಪಾಡಾಗಿರುತ್ತದೆ.

ಈ ಪಂಥದವರಲ್ಲಿ ಜಗತ್ತಿಗೆಲ್ಲ ಪರಿಚಯವಾದವರು ಇಬ್ಬರು. 2018ರ ಮಾರ್ಚಿನಲ್ಲಿ ಸಾಲಿಸ್‌ಬರಿಯಲ್ಲಿ ರಷ್ಯಾದ ಮಾಜಿ ಗೂಢಚಾರ ಸೆರ್ಗೆಯ್ ಸ್ಕ್ರಿಪಾಲ್ ಮೇಲೆ ವಿಷಪ್ರಯೋಗವಾಯಿತು. ಬ್ರಿಟನ್ ಇಬ್ಬರು ರಷ್ಯನ್ನರತ್ತ ಬೆರಳು ತೋರಿಸಿತು. ಸೆಪ್ಟೆಂಬರಿನಲ್ಲಿ ಅವರು ರಷ್ಯಾದ ಟಿವಿ ವಾಹಿನಿಯಲ್ಲಿ ಕಾಣಿಸಿಕೊಂಡು, ತಾವು ಬರೀ ಪ್ರವಾಸಿಗರು ಎಂದರು. ಸಾಲಿಸ್‌ಬರಿ ಕೆಥೆಡ್ರಲ್ 123 ಮೀಟರಿನ ಮೊನೆಗೋಪುರಕ್ಕೆ ಪ್ರಸಿದ್ಧ, ಅಲ್ಲೊಂದು ಹಳೆಯ ಗಡಿಯಾರವೂ ಇದೆ ಎಂದು ಒಪ್ಪಿಸಿದರು. ಅಂಕಿ ಕರಾರುವಾಕ್ಕಾಗಿತ್ತು. ಗಡಿಯಾರವೂ ಸುಳ್ಳಲ್ಲ: 1386ರ ಸುಮಾರಿನದು, ಮುಖವಿಲ್ಲ, ಮುಳ್ಳಿಲ್ಲ, ಗಂಟೆ ಬಾರಿಸುವುದಷ್ಟೇ ಅದರ ಕೆಲಸ. ಕಂಬ ನೋಡಿದವರು ಮಾತ್ರ ಹಾಗೆ ಮಾತಾಡುವುದಿಲ್ಲ.

ಕಂಬದ ಕಥೆ ಪಾಯದಿಂದ ಶುರುವಾಗಬೇಕು. ಮೊದಲಿನ ಕೆಥೆಡ್ರಲ್ ಇದ್ದದ್ದು ಓಲ್ಡ್ ಸೇರಮ್ ಎಂಬ ಗುಡ್ಡದ ಮೇಲೆ. ಗಾಳಿಯ ಕಾಟ, ನೀರಿನ ಅಭಾವ, ಮಗ್ಗುಲಲ್ಲೇ ಇದ್ದ ಕೋಟೆಯ ಸೈನಿಕರ ಜೊತೆ ಸದಾ ತಕರಾರು. ಬಿಷಪ್ ರಿಚರ್ಡ್ ಪೂರ್ ಇಡೀ ಸಂಸಾರವನ್ನು ಕೆಳಗಿನ ಹುಲ್ಲುಗಾವಲಿಗೆ ಇಳಿಸಿ, 1220ರಲ್ಲಿ ಹೊಸ ಕಟ್ಟಡಕ್ಕೆ ಕಲ್ಲಿಡಿಸಿದ. ಗುಡ್ಡದಲ್ಲಿ ನೀರಿರಲಿಲ್ಲ, ಇಲ್ಲಿ ತೋಡಿದರೆ ನೀರು. ಹಾಗಾಗಿ ಪಾಯ ನಾಲ್ಕೇ ಅಡಿ, ಅದರ ಕೆಳಗೆ ಒದ್ದೆ ಗರಸು. ಮುಖ್ಯ ಕಟ್ಟಡ 1258ರ ಹೊತ್ತಿಗೆ, 38 ವರ್ಷಗಳಲ್ಲಿ ಮುಗಿಯಿತು. ತಲೆಮಾರುಗಟ್ಟಲೆ ಎಳೆದಾಡುವುದೇ ಕೆಥೆಡ್ರಲ್‌ಗಳ ರೂಢಿಯಾಗಿದ್ದ ಕಾಲದಲ್ಲಿ ಇದು ಅಪರೂಪ. ಅಲ್ಲಿಗೇ ನಿಲ್ಲಿಸಿದ್ದರೆ ಅಂಕಣಕ್ಕೆ ಬರೆಯಲು ಏನೂ ಇರುತ್ತಿರಲಿಲ್ಲ.

ಮುಂದಿನ ಶತಮಾನದ ಆರಂಭದಲ್ಲಿ ಯಾರಿಗೋ ಆಸೆ ಹತ್ತಿತು. ಅದೇ ಕಂಬಗಳ ಮೇಲೆ, ಅದೇ ನಾಲ್ಕಡಿ ಪಾಯದ ಮೇಲೆ, ಗೋಪುರವನ್ನೂ ಮೊನೆಯನ್ನೂ ಏರಿಸಿದರು. ಹೆಚ್ಚಿನ ಹೊರೆ ಸುಮಾರು 6,500 ಟನ್. ಮೂಟೆ ಹೊತ್ತ ಹಮಾಲನ ಬೆನ್ನಿನಂತೆ ಕಂಬಗಳು ಬಾಗಿದವು. ನಂತರದವರು ಮಾಡಿದ್ದೆಲ್ಲ ಆಸರೆ ಕೊಡುವ ಕೆಲಸ: ಊರೆಗೋಡೆ, ಕಬ್ಬಿಣದ ಪಟ್ಟಿ, ಕಂಬದಿಂದ ಕಂಬಕ್ಕೆ ಒತ್ತುಗೊಡುವ ಕಲ್ಲಿನ ಕಮಾನು. 1668ರಲ್ಲಿ ಕ್ರಿಸ್ಟೊಫರ್ ರೆನ್ ಬಂದು ಅಳೆದಾಗ ಮೊನೆ ಸುಮಾರು 75 ಸೆಂಟಿಮೀಟರ್ ವಾಲಿತ್ತು. ಇದಕ್ಕಿಂತ ಎತ್ತರವಿದ್ದ ಲಿಂಕನ್ನಿನ ಮೊನೆ 1548ರಲ್ಲಿ ಬಿದ್ದುಹೋಗಿತ್ತು. ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್‌ನದು 1561ರಲ್ಲಿ ಸುಟ್ಟುಹೋಗಿತ್ತು. ಬ್ರಿಟನ್ನಿನ ಚರ್ಚುಗಳಲ್ಲೇ ಎತ್ತರದ್ದು ಎಂಬ ಬಿರುದು ಸಾಲಿಸ್‌ಬರಿಗೆ ದಕ್ಕಿದ್ದು ಬೀಳದೆ ಉಳಿದದ್ದಕ್ಕೆ.

ಕಂಬವನ್ನು ನೋಡಲೂ ಒಂದು ಕ್ರಮ ಬೇಕು. ದೂರದಿಂದ ಎಲ್ಲವೂ ನೆಟ್ಟಗೇ ಕಾಣುತ್ತದೆ. ನಡುಗೋಪುರದ ಕೆಳಗೆ, ಕಂಬದ ಬುಡಕ್ಕೆ ಒತ್ತಿ ನಿಂತು, ನಡುವಿನ ದಪ್ಪ ಕಂಬದ ಸುತ್ತ ಏರುವ ಪರ್ಬೆಕ್ ಕಲ್ಲಿನ ಸಪೂರ ಕಡ್ಡಿಗಂಬಗಳಲ್ಲಿ ಒಂದನ್ನು ಹಿಡಿದು ಕಣ್ಣನ್ನು ಮೇಲಕ್ಕೆ ಹರಿಸಬೇಕು. ಆಗ ಗೆರೆ ಮೆಲ್ಲಗೆ ಸೊಟ್ಟಗಾಗುತ್ತದೆ. ಕೈಗೆಟುಕುವ ಎತ್ತರದಲ್ಲೂ ಒಂದು ಬಹುಮಾನವಿದೆ. ಹೊಳಪು ಕೊಟ್ಟ ಆ ಕಪ್ಪುಬೂದು ಕಲ್ಲಿನ ಮೈತುಂಬ ಸಿಹಿನೀರಿನ ಬಸವನಹುಳುಗಳ ಚಿಪ್ಪು. ಕೆಲವು ಅಡ್ಡ ಸೀಳಿ ಸುರುಳಿಯಾಗಿ, ಕೆಲವು ಉದ್ದಕ್ಕೆ ಸೀಳಿ ಸಾಲಾಗಿ.

ಬಾಗಿದ ಕಂಬ ಎಂದಮೇಲೆ ವಿಲಿಯಂ ಗೋಲ್ಡಿಂಗ್‌ನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಈ ಕೆಥೆಡ್ರಲ್‌ನ ಆವರಣದಲ್ಲೇ ಇರುವ ಬಿಷಪ್ ವರ್ಡ್ಸ್‌ವರ್ತ್ ಶಾಲೆಯಲ್ಲಿ ಆತ ಮೇಷ್ಟ್ರಾಗಿದ್ದ. 1964ರಲ್ಲಿ ಬಂದ ‘ದಿ ಸ್ಪೈರ್’ ಕಾದಂಬರಿಯಲ್ಲಿ ಊರಿನ ಹೆಸರೇ ಇಲ್ಲ, ಆದರೆ ಸಾಲಿಸ್‌ಬರಿ ಕಂಡವರಿಗೆ ಹೆಸರು ಬೇಕಿಲ್ಲ. ಜೋಸೆಲಿನ್ ಎಂಬ ಡೀನ್‌ಗೆ ದರ್ಶನವಾಗಿದೆ, ಮೊನೆ ಏಳಲೇಬೇಕು. ಮೇಸ್ತ್ರಿ ರೋಜರ್ ಮೇಸನ್ ನಡುಮಧ್ಯೆ ಗುಂಡಿ ತೋಡಿಸಿ, ನೋಡಿ ಸ್ವಾಮಿ, ಪಾಯವೇ ಇಲ್ಲ ಎಂದು ತೋರಿಸುತ್ತಾನೆ. ತಳದ ಮಣ್ಣು ಮಿಸುಕುತ್ತದೆ. ಭಾರ ಏರಿದಂತೆ ಕಂಬದ ಕಲ್ಲುಗಳು ಸದ್ದು ಮಾಡತೊಡಗುತ್ತವೆ. ಡೀನ್ ಮಾತ್ರ ಕಟ್ಟು ಎನ್ನುವುದನ್ನು ಬಿಡುವುದಿಲ್ಲ. ಮೇಸ್ತ್ರಿ ಹಾಳಾಗುತ್ತಾನೆ, ಡೀನ್ ಸಾಯುತ್ತಾನೆ, ಮೊನೆ ನಿಲ್ಲುತ್ತದೆ. ಆಸೆಯ ಬೆಲೆ ತೆರುವವರು ಯಾರು ಎಂಬುದನ್ನು ಇಷ್ಟು ನಿರ್ದಯವಾಗಿ ಹೇಳಿದ ಕಟ್ಟಡದ ಕಥೆ ಇನ್ನೊಂದು ಸಿಗುವುದು ಕಷ್ಟ. ಸಾಲಿಸ್‌ಬರಿಗೆ ಹೋಗುವವರು ಗೈಡ್‌ಬುಕ್ ಮನೆಯಲ್ಲಿ ಬಿಟ್ಟು ಇದನ್ನು ಚೀಲಕ್ಕೆ ಹಾಕಿಕೊಳ್ಳಲಿ.

ಇನ್ನೊಂದು ಬಾಕಿ ಲೆಕ್ಕವಿದೆ, ವಾಸ್ತುಶಿಲ್ಪಿ ಜೇಮ್ಸ್ ವಯಟ್‌ನದು. 1789ರ ನಂತರದ ಮೂರ್ನಾಲ್ಕು ವರ್ಷಗಳಲ್ಲಿ ಆತ ಇಲ್ಲಿ ‘ಚೊಕ್ಕಟ’ ಮಾಡಿದ. ಪ್ರತ್ಯೇಕವಾಗಿ ನಿಂತಿದ್ದ ಗಂಟೆಗೋಪುರವನ್ನು ಕೆಡವಿದ, ಎರಡು ಪುಟ್ಟ ಪ್ರಾರ್ಥನಾ ಗುಡಿಗಳನ್ನು ಕಿತ್ತ, ಅಲ್ಲಲ್ಲಿ ಚದುರಿದ್ದ ಸಮಾಧಿಗಳನ್ನು ಕಂಬಗಳ ನಡುವೆ ಸಾಲಾಗಿ ಜೋಡಿಸಿದ. ಒಳಗೆ ಕಾಲಿಟ್ಟೊಡನೆ ‘ಎಷ್ಟು ಕ್ಲೀನಾಗಿದೆ!’ ಎನ್ನುವವರು ಹೊಗಳುತ್ತಿರುವುದು ಆ ಕೆಡಹುವಿಕೆಯನ್ನು. ಅವನ ಅಚ್ಚುಕಟ್ಟುತನಕ್ಕೆ ಬಗ್ಗದೆ ಉಳಿದದ್ದು ಈ ಕಂಬಗಳೇ.

ಮಂಡಿ ಗಟ್ಟಿಯಿದ್ದವರು ಟಿಕೆಟ್ ಕೊಂಡು 332 ಮೆಟ್ಟಿಲು ಹತ್ತಿ ಮೊನೆಯ ಬುಡದವರೆಗೆ ಹೋಗಬಹುದು. ಅಲ್ಲಿ ಒಳಗಿನಿಂದ ತಲೆಯೆತ್ತಿದರೆ, ಕಟ್ಟುವಾಗ ಹಾಕಿದ ಮರದ ಸಾರುವೆ ಇನ್ನೂ ಇದೆ. ಅದರಾಚೆಯ ಕಲ್ಲಿನ ಗೋಡೆ ಮೇಲಕ್ಕೆ ಹೋದಂತೆ ಒಂದು ಗೇಣು ದಪ್ಪವಷ್ಟೇ. ಹತ್ತಲಾರದವರು ಕೆಳಗಿರುವ ಸ್ವಯಂಸೇವಕರನ್ನು ಕೇಳಿಕೊಳ್ಳಲಿ. ಎತ್ತರದ ಪಾಠ ಮುಗಿದ ಮೇಲೆ, ನೆಲದ ಮುಚ್ಚಳ ತೆಗೆದು ಕೋಲು ಇಳಿಬಿಟ್ಟು, ಪಾಯದ ಕೆಳಗೆ ನೀರು ಎಷ್ಟಿದೆ ಎಂದು ತೋರಿಸಿ ಎನ್ನಬೇಕು.