ನೀಳಗೂದಲಿನ ನಾಯಿ ಮತ್ತು ಮನೆಯ ಬಾಚಣಿಗೆ

ಉದ್ದ ಕೂದಲಿನ ನಾಯಿಯ ಮೈಯನ್ನು ಮನೆಯಲ್ಲೇ ಒಪ್ಪವಾಗಿಡುವ ಕೆಲಸ ಕರ್ನಾಟಕದ ನಗರಗಳಲ್ಲಿ ಈಗ ಸಾಮಾನ್ಯವಾಗಿದ್ದರೂ, ಅದರ ಹಿಂದೆ ಈ ನೆಲದಲ್ಲಿ ತಲೆಮಾರುಗಳಿಂದ ಬಂದ ತಿಳಿವಳಿಕೆಯೇನೂ ಇಲ್ಲ. ಮುಧೋಳ ಸೀಮೆಯ ಬೇಟೆನಾಯಿಯಾಗಲಿ ಊರ ಬೀದಿನಾಯಿಯಾಗಲಿ ಮೈಗೆ ಅಂಟಿಕೊಂಡಂಥ ತುಂಡುಗೂದಲಿನವು. ಒರಟು ಬಟ್ಟೆಯಿಂದ ತಿಕ್ಕಿ ಒರೆಸಿದರೆ ಸಾಕಾಗುವ ಇಂಥ ನಾಯಿಗಳನ್ನು ಸಾಕಿದವರಿಗೆ ಬಾಚಣಿಗೆಯ ಅಗತ್ಯವೇ ಬೀಳಲಿಲ್ಲ. ಜನ ‘ಪಾಮೇರಿಯನ್’ ಎಂದೇ ಕರೆಯುತ್ತ ಬಂದ ಬಿಳಿಯ ಇಂಡಿಯನ್ ಸ್ಪಿಟ್ಜ್ ಮಧ್ಯಮವರ್ಗದ ಮನೆಗಳನ್ನು ಹೊಕ್ಕು, 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿ ಎಂಬ ನಾಯಿಯಿಂದಾಗಿ ಇನ್ನಷ್ಟು ಮನೆಮಾತಾಯಿತು. ಅದರ ಬೆನ್ನಿಗೆ ಶಿಹ್ ತ್ಸು, ಲಾಸಾ ಆಪ್ಸೊ, ಗೋಲ್ಡನ್ ರಿಟ್ರೀವರ್ ಬಂದವು. ನಾಯಿಗಳು ಬಂದಷ್ಟು ಬೇಗ ಅವುಗಳ ಆರೈಕೆಯ ವಿದ್ಯೆ ಬರಲಿಲ್ಲವಾದ್ದರಿಂದ, ಮನೆಯವರು ಆ ಕೊರತೆಯನ್ನು ತಮಗೆ ಗೊತ್ತಿದ್ದ ಮನುಷ್ಯರ ಕೂದಲಿನ ಆರೈಕೆಯಿಂದಲೇ ತುಂಬಿಕೊಂಡರು: ವಾರಕ್ಕೊಮ್ಮೆ ತಲೆಗೆ ನೀರು, ಸೀಗೆಪುಡಿ ಇಲ್ಲವೆ ಮನೆಮಂದಿಯದೇ ಶಾಂಪೂ, ಹೊಳಪಿಗೆ ಕೊಬ್ಬರಿ ಎಣ್ಣೆ, ಬೇಸಿಗೆ ಬಂತೆಂದರೆ ಮಕ್ಕಳ ತಲೆಯಂತೆ ನಾಯಿಯ ಮೈಯನ್ನೂ ಬೋಳಿಸುವುದು. ಈ ಆರೈಕೆಯಲ್ಲಿ ಅಕ್ಕರೆಗೆ ಕೊರತೆಯಿಲ್ಲ. ಅದು ಎಡವುವುದು ಮನುಷ್ಯರ ತಲೆಗೂದಲಿಗೂ ನಾಯಿಯ ತುಪ್ಪಳಕ್ಕೂ ರಚನೆಯಲ್ಲಿ ವ್ಯತ್ಯಾಸವಿರುವ ಜಾಗಗಳಲ್ಲಿ.

ಆ ವ್ಯತ್ಯಾಸ ಸಣ್ಣದಲ್ಲ. ನಾಯಿಯ ಚರ್ಮದ ಒಂದೇ ರಂಧ್ರದಿಂದ ಗಡುಸಾದ ಒಂದು ಮುಖ್ಯ ಕೂದಲೂ ಅದರ ಸುತ್ತ ನವಿರಾದ ಹಲವು ಎಳೆಗಳೂ ಹೊರಬರುತ್ತವೆ. ಮುಖ್ಯ ಕೂದಲುಗಳು ಸೇರಿ ನೀರು ಬಿಸಿಲುಗಳನ್ನು ತಡೆಯುವ ಹೊರಹೊದಿಕೆಯಾದರೆ, ನವಿರು ಎಳೆಗಳು ಸೇರಿ ಗಾಳಿಯನ್ನು ಹಿಡಿದಿಡುವ ಒಳತುಪ್ಪಳವಾಗುತ್ತವೆ. ಸ್ಪಿಟ್ಜ್, ಗೋಲ್ಡನ್ ರಿಟ್ರೀವರ್, ಹಸ್ಕಿ ಮೊದಲಾದವುಗಳಲ್ಲಿ ಈ ಎರಡು ಪದರಗಳೂ ಸ್ಪಷ್ಟವಾಗಿರುವುದರಿಂದ ಅವನ್ನು ಇಮ್ಮಡಿ ಹೊದಿಕೆಯ ತಳಿಗಳೆನ್ನಬಹುದು. ಇವುಗಳ ಕೂದಲು ಒಂದು ಮಟ್ಟಕ್ಕೆ ಬೆಳೆದು, ನಿಂತು, ಬಹುಕಾಲ ವಿಶ್ರಾಂತಿಯ ಹಂತದಲ್ಲಿದ್ದು, ಆಮೇಲೆ ಉದುರುತ್ತದೆ. ಶಿಹ್ ತ್ಸು, ಮಾಲ್ಟೀಸ್, ಪೂಡಲ್‌ಗಳಲ್ಲಾದರೋ ಬೆಳವಣಿಗೆಯ ಹಂತವೇ ದೀರ್ಘವಾಗಿದ್ದು, ಕತ್ತರಿಸದಿದ್ದರೆ ಕೂದಲು ನೆಲ ಮುಟ್ಟುವವರೆಗೂ ಇಳಿಯುತ್ತದೆ. ‘ಉದ್ದ ಕೂದಲಿನ ನಾಯಿ’ ಎಂಬ ಒಂದೇ ಹೆಸರಿನಡಿ ಬರುವ ಈ ಎರಡು ಗುಂಪುಗಳಿಗೂ ಒಂದೇ ಉಪಚಾರ ಮಾಡುವುದೇ ಮನೆಯ ಆರೈಕೆಯ ಮೂಲದೋಷ. ಒಂದಕ್ಕೆ ಹಿತವಾದ ಕತ್ತರಿ ಇನ್ನೊಂದಕ್ಕೆ ಹಾನಿಯಾಗುವುದು ಈ ಕಾರಣದಿಂದ.

ಸ್ನಾನದ ವಿಷಯವನ್ನೇ ಮೊದಲು ತೆಗೆದುಕೊಳ್ಳಬಹುದು, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ನಾಯಿಯ ಶುಚಿತ್ವವೆಂದರೆ ಸ್ನಾನವೇ. ನಾಯಿಯ ಚರ್ಮದ ಹೊರಪದರ ಮನುಷ್ಯರದಕ್ಕಿಂತ ತೆಳುವಾಗಿದ್ದು, ಅದರ ಆಮ್ಲೀಯತೆಯೂ ಕಡಿಮೆ. ಮನುಷ್ಯರ ಚರ್ಮಕ್ಕೆಂದು ಹದಗೊಳಿಸಿದ ಶಾಂಪೂವನ್ನು ಮತ್ತೆ ಮತ್ತೆ ಬಳಸಿದರೆ ಚರ್ಮದ ಸಹಜ ಜಿಡ್ಡು ಹೋಗಿ, ಹೊಟ್ಟು, ತುರಿಕೆಗಳು ಶುರುವಾಗುತ್ತವೆ. ಸೀಗೆಪುಡಿಗೆ ಇನ್ನೊಂದು ತೊಡಕೂ ಇದೆ: ಅದರ ತರಿ ದಟ್ಟವಾದ ಒಳತುಪ್ಪಳದಲ್ಲಿ ಸಿಕ್ಕಿಕೊಂಡರೆ ಎಷ್ಟು ತೊಳೆದರೂ ಬಿಡುವುದಿಲ್ಲ, ಕಣ್ಣಿಗೆ ಬಿದ್ದರಂತೂ ಉರಿಯುತ್ತದೆ. ಎಣ್ಣೆ ಹಚ್ಚುವ ರೂಢಿಗೂ ಹೊಗಳಿಕೆ ಸಲ್ಲದು. ಎಣ್ಣೆ ದೂಳನ್ನು ಹಿಡಿಯುತ್ತದೆ, ದೂಳು ಸಿಕ್ಕನ್ನು ಕಟ್ಟುತ್ತದೆ, ನಾಯಿ ಮೈಯನ್ನು ನೆಕ್ಕಿಕೊಳ್ಳುವುದರಿಂದ ಉಳಿದದ್ದು ಹೊಟ್ಟೆಗೆ ಹೋಗುತ್ತದೆ. ಆದರೆ ಇವೆಲ್ಲಕ್ಕಿಂತ ದೊಡ್ಡ ತಪ್ಪು ಕ್ರಮದಲ್ಲಿದೆ. ಸಿಕ್ಕಾದ ಕೂದಲಿಗೆ ಮೊದಲು ನೀರು ಹಾಕಿ, ಅದು ಒಣಗಿದ ಮೇಲೆ ಬಾಚಲು ಕೂರುವವರು ಸಿಕ್ಕನ್ನು ತಾವೇ ಬಿಗಿಗೊಳಿಸಿರುತ್ತಾರೆ. ಸಡಿಲವಾಗಿದ್ದ ಎಳೆಗಳು ತೋಯ್ದು, ಉಜ್ಜುವ ಕೈಯಡಿ ಒಂದಕ್ಕೊಂದು ಹೆಣೆದುಕೊಂಡು, ಒಣಗುವಾಗ ಕಂಬಳಿಯ ಹಾಗೆ ಒತ್ತಾಗುತ್ತವೆ. ಪೂರ್ತಿ ಬಾಚಿ ಮುಗಿದ ಮೇಲಷ್ಟೇ ನೀರು ಮುಟ್ಟಿಸಬೇಕೆಂಬ ನಿಯಮ ಇಡೀ ಆರೈಕೆಯಲ್ಲಿ ಅತ್ಯಂತ ಸರಳವಾದದ್ದು, ಅತಿ ಹೆಚ್ಚು ಮುರಿಯಲ್ಪಡುವುದೂ ಅದೇ.

ಒಣಗಿಸುವ ಬಗ್ಗೆ ಕರಾವಳಿ ಮತ್ತು ಮಲೆನಾಡಿನ ಮನೆಗಳು ವಿಶೇಷವಾಗಿ ಎಚ್ಚರದಿಂದಿರಬೇಕು. ಮಳೆಗಾಲದ ತೇವದಲ್ಲಿ ಮೇಲ್ಗೂದಲು ಒಣಗಿದಂತೆ ಕಂಡರೂ ಒಳತುಪ್ಪಳ ಗಂಟೆಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ; ಆ ಬೆಚ್ಚನೆಯ ತೇವದಲ್ಲಿ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳೂ ಬ್ಯಾಕ್ಟೀರಿಯಾಗಳೂ ಹೆಚ್ಚಿ, ಒಂದೇ ದಿನದಲ್ಲಿ ಅಂಗೈಯಗಲ ಕೆಂಪಗೆ ಒಸರುವ ಹುಣ್ಣಾಗಬಹುದು. ಪಶುವೈದ್ಯರು ‘ಹಾಟ್ ಸ್ಪಾಟ್’ ಎಂದು ಕರೆಯುವ ಈ ತೊಂದರೆ ಕೂದಲು ದಟ್ಟವಾದ ತಳಿಗಳಲ್ಲಿ, ಅದರಲ್ಲೂ ಗೋಲ್ಡನ್ ರಿಟ್ರೀವರ್‌ಗಳಲ್ಲಿ ಹೆಚ್ಚು. ಟವೆಲಿನಿಂದ ಗಸಗಸ ಉಜ್ಜುವ ಬದಲು ಒತ್ತಿ ನೀರು ಹೀರಿಸಿ, ಡ್ರೈಯರಿನ ತಣ್ಣನೆಯ ಅಥವಾ ಉಗುರುಬೆಚ್ಚಗಿನ ಗಾಳಿಯನ್ನು ಬುಡಕ್ಕೆ ತಾಗಿಸುತ್ತ ಬಾಚಿದರೆ ಇದನ್ನು ತಪ್ಪಿಸಬಹುದು. ಇದಕ್ಕೆ ಸಮಯವಿಲ್ಲದ ದಿನ ಸ್ನಾನವನ್ನೇ ಮುಂದೂಡುವುದು ಲೇಸು.

ಮನೆಯ ಆರೈಕೆಯ ನಿಜವಾದ ಕಸುಬು ಬಾಚುವುದರಲ್ಲಿದೆ, ಮತ್ತು ಅದನ್ನು ಅಳೆಯಬೇಕಾದದ್ದೂ ಅಲ್ಲೇ. ರೂಢಿಯಲ್ಲಿರುವ ಬಾಚುವಿಕೆ ಮೇಲ್ಮೈಗೆ ಸೀಮಿತವಾದದ್ದು. ಬೆನ್ನ ಮೇಲೆ ಬ್ರಷ್ ಜಾರುತ್ತದೆ, ಕೂದಲು ಮಿರುಗುತ್ತದೆ, ನೋಡಿದವರಿಗೆ ತೃಪ್ತಿಯಾಗುತ್ತದೆ, ಬುಡದಲ್ಲಿ ಮಾತ್ರ ಸಿಕ್ಕು ಹಾಗೆಯೇ ಬಲಿಯುತ್ತಿರುತ್ತದೆ. ಕಸುಬುದಾರರು ಅನುಸರಿಸುವ ಕ್ರಮ ಬೇರೆ. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಎಡಗೈಯ ಅಂಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಬೈತಲೆ ತೆಗೆದಂತೆ ಚರ್ಮದ ಒಂದು ಗೆರೆ ಕಾಣುವ ಹಾಗೆ ಮಾಡಿ, ಆ ಗೆರೆಯಿಂದ ತೆಳ್ಳನೆಯ ಒಂದು ಪದರವನ್ನಷ್ಟೇ ಕೆಳಗಿಳಿಸಿ ಬುಡದಿಂದ ತುದಿಗೆ ಬಾಚಿ, ಆಮೇಲೆ ಅದರ ಮೇಲಿನ ಪದರಕ್ಕೆ ಹೋಗುವ ಈ ಕ್ರಮವನ್ನು ಪದರಬಾಚಣೆ ಎನ್ನಬಹುದು. ಬಾಗಿದ ಸಣ್ಣ ತಂತಿಹಲ್ಲುಗಳ ಸ್ಲಿಕ್ಕರ್ ಬ್ರಷ್ಷನ್ನು ಒತ್ತಿ ಎಳೆದರೆ ಚರ್ಮ ತರಚುವುದರಿಂದ ಅದನ್ನು ಹಗುರವಾಗಿ ಬಳಸಿ, ಕೊನೆಗೆ ಉಕ್ಕಿನ ಬಾಚಣಿಗೆಯಿಂದ ಪರೀಕ್ಷಿಸಬೇಕು. ಚರ್ಮದಿಂದ ತುದಿಯವರೆಗೆ ಎಲ್ಲೂ ತಡೆಯದೆ ಬಾಚಣಿಗೆ ಹಾದುಹೋದರೆ ಆ ಭಾಗ ಮುಗಿಯಿತೆಂದರ್ಥ. ಎರಡು ನೂರು ರೂಪಾಯಿಯ ಹೊಳಪಿನ ಸ್ಪ್ರೇಗಿಂತ ಈ ಒಂದು ಉಕ್ಕಿನ ಬಾಚಣಿಗೆ ಹೆಚ್ಚಿನ ಸತ್ಯ ಹೇಳುತ್ತದೆ.

ಸಿಕ್ಕು ಎಲ್ಲೆಂದರಲ್ಲಿ ಕಟ್ಟುವುದಿಲ್ಲ. ಕಿವಿಯ ಹಿಂದೆ, ಕೊರಳಪಟ್ಟಿಯ ಅಡಿ, ಕಂಕುಳಲ್ಲಿ, ತೊಡೆಸಂದಿನಲ್ಲಿ, ಕಾಲ್ಬೆರಳುಗಳ ನಡುವೆ, ಅಂದರೆ ಮೈ ಮೈಗೆ ಉಜ್ಜುವ ಮತ್ತು ನೋಡುವವರ ಕಣ್ಣಿಗೆ ಬೀಳದ ಜಾಗಗಳಲ್ಲೇ ಅದು ಜಡೆಗಟ್ಟುತ್ತದೆ. ಖಾಲಿ ನಿವೇಶನಗಳಲ್ಲಿ ಅಡ್ಡಾಡಿ ಬಂದ ನಾಯಿಯಾದರೆ ಉತ್ತರಾಣಿಯ ಮುಳ್ಳುಬೀಜ ಪ್ರತಿಯೊಂದು ಸಿಕ್ಕಿಗೂ ಬೀಜವಾಗುತ್ತದೆ. ಕೆಲವು ಹುಲ್ಲಿನ ಚೂಪು ತೆನೆಗಳು ಬೆರಳ ಸಂದಿನಿಂದ ಚರ್ಮದೊಳಕ್ಕೇ ಇಳಿದು ಕೀವು ತುಂಬಿಸುವುದೂ ಉಂಟು. ಉಣ್ಣಿಗಳು ಅಡಗುವುದೂ ಈ ಜಾಗಗಳಲ್ಲೇ. ನಾಯಿಗಳ ಕಂದು ಉಣ್ಣಿ ಎರ್ಲಿಕಿಯಾ, ಬಬೀಸಿಯಾ ಎಂಬ ರೋಗಾಣುಗಳನ್ನು ಹರಡುತ್ತದೆ. ಉಣ್ಣಿಜ್ವರವೆಂದು ಸಾಮಾನ್ಯವಾಗಿ ಕರೆಯುವ ಈ ಕಾಯಿಲೆಗಳು ರಕ್ತಕಣಗಳನ್ನು ಕುಗ್ಗಿಸಿ, ತಡವಾದರೆ ಪ್ರಾಣಕ್ಕೇ ಎರವಾಗುತ್ತವೆ. ದಿನವೂ ಪದರ ಬಿಡಿಸಿ ಚರ್ಮ ನೋಡುವ ಕೈಗೆ ಉಣ್ಣಿ, ಗಂಟು, ಗಾಯ, ಕೆಂಪು, ಕಿವಿಯ ವಾಸನೆ ಎಲ್ಲವೂ ಮೊದಲ ದಿನವೇ ಸಿಗುತ್ತವೆಂಬುದೇ ಮನೆಯ ಆರೈಕೆಯ ಪರವಾಗಿ ಹೇಳಬಹುದಾದ ಅತಿ ಬಲವಾದ ಮಾತು. ತಿಂಗಳಿಗೊಮ್ಮೆ ನಾಯಿಯನ್ನು ನೋಡುವ ಸಲೂನಿಗೆ, ಅದೆಷ್ಟೇ ನುರಿತದ್ದಾಗಿರಲಿ, ಈ ಅವಕಾಶವಿಲ್ಲ. ನಡುವಿನ ನಾಲ್ಕು ವಾರ ಬಾಚಣಿಗೆ ಮುಟ್ಟದೆ, ಕೊನೆಗೆ ಬುಡದವರೆಗೆ ಜಡೆಗಟ್ಟಿದ ನಾಯಿಯನ್ನು ಒಪ್ಪಿಸಿ, ಬೋಳಿಸಿಕೊಟ್ಟರೆಂದು ಜಗಳಕ್ಕೆ ನಿಲ್ಲುವ ಒಡೆಯರ ದೂರಿನಲ್ಲಿ ನ್ಯಾಯವಿಲ್ಲ.

ಸಿಕ್ಕನ್ನು ಕತ್ತರಿಯಿಂದ ಬಿಡಿಸುವುದು ಮನೆಗಳಲ್ಲಿ ನಡೆಯುವ ಅತ್ಯಂತ ಅಪಾಯಕರ ಕೆಲಸ. ಜಡೆ ಬಿಗಿಯುತ್ತ ಹೋದಂತೆ ಅದರಡಿಯ ಸಡಿಲ ಚರ್ಮ ಮೇಲಕ್ಕೆಳೆದುಕೊಂಡು ಜಡೆಯೊಳಗೇ ಸೇರಿಕೊಂಡಿರುತ್ತದೆ. ಕೂದಲೆಂದು ಕತ್ತರಿಸಿದ್ದು ಚರ್ಮವಾಗಿ, ಹೊಲಿಗೆ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಓಡಬೇಕಾಗುತ್ತದೆ. ಸಣ್ಣ ಸಿಕ್ಕಾದರೆ ಅದಕ್ಕೂ ಚರ್ಮಕ್ಕೂ ನಡುವೆ ಬುಡವನ್ನು ಬೆರಳುಗಳಲ್ಲಿ ಭದ್ರವಾಗಿ ಹಿಡಿದು, ಎಳೆತ ಚರ್ಮಕ್ಕೆ ತಾಗದಂತೆ ನೋಡಿಕೊಂಡು, ಚೂರು ಕಾರ್ನ್‌ಫ್ಲೋರ್ ಉದುರಿಸಿ, ತುದಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಬಹುದು. ಹಾಗೆ ಬಿಡದ ಜಡೆಯನ್ನು ಕ್ಲಿಪ್ಪರಿನಿಂದ ತೆಗೆಯಬೇಕೇ ಹೊರತು ಕತ್ತರಿಯಿಂದಲ್ಲ. ಕ್ಲಿಪ್ಪರಿನ ಅಲಗೂ ಕೆಲವೇ ನಿಮಿಷಗಳಲ್ಲಿ ಕಾಯುವುದರಿಂದ ಆಗಾಗ ಅದನ್ನು ಮಣಿಕಟ್ಟಿಗೆ ಮುಟ್ಟಿಸಿ ನೋಡುತ್ತಿರಬೇಕು. ಮೈಯೆಲ್ಲ ಜಡೆಗಟ್ಟಿದ್ದರೆ ಅದು ಮನೆಯ ಕೆಲಸವಾಗಿ ಉಳಿದಿಲ್ಲ. ಪಶುವೈದ್ಯರ ಮುಂದೆ, ಬೇಕಾದರೆ ಮಂಪರಿನಲ್ಲಿ, ನಡೆಯಬೇಕಾದ ಚಿಕಿತ್ಸೆ. ಉಳಿದ ಬಿಡಿ ಕೆಲಸಗಳಲ್ಲಿ ಉಗುರಿನ ತುದಿಯನ್ನಷ್ಟೇ ಕತ್ತರಿಸುವುದು ಮನೆಗೆ ಸಲ್ಲುತ್ತದೆ. ಕಿವಿಯೊಳಕ್ಕೆ ಹತ್ತಿಕಡ್ಡಿ ತೂರಿಸುವುದು, ಗುದದ ಪಕ್ಕದ ಗ್ರಂಥಿಗಳನ್ನು ರೂಢಿಯೆಂದು ಹಿಂಡುವುದು ಸಲ್ಲದು.

ಬೇಸಿಗೆಯ ಬೋಳಿಸುವಿಕೆಯನ್ನು ಇನ್ನಷ್ಟು ಕಟುವಾಗಿಯೇ ಪರಿಶೀಲಿಸಬೇಕಾಗುತ್ತದೆ, ಏಕೆಂದರೆ ಅದರ ಹಿಂದಿರುವುದು ಕರುಣೆ, ಮತ್ತು ಕರುಣೆಯಿಂದ ಮಾಡಿದ ತಪ್ಪನ್ನು ಯಾರೂ ಪ್ರಶ್ನಿಸುವುದಿಲ್ಲ. ಮನುಷ್ಯರ ಮೈ ಬೆವರಿ ತಣಿಯುವುದರಿಂದ ಬಟ್ಟೆ ತೆಗೆದರೆ ತಂಪಾಗುತ್ತದೆ. ನಾಯಿ ಹೀಗೆ ಬೆವರುವುದು ಪಾದದ ಮೆತ್ತೆಗಳಲ್ಲಿ ಮಾತ್ರ, ಅದು ತಣಿಯುವುದು ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಡುವುದರಿಂದ. ರಾಯಚೂರು, ಕಲಬುರಗಿಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಸ್ಪಿಟ್ಜ್‌ನ ಹೊರಹೊದಿಕೆ ಬಿಸಿಲನ್ನು ಚರ್ಮಕ್ಕೆ ಬಿಡದೆ ತಡೆಯುವ ನೆರಳೂ ಆಗಿರುತ್ತದೆ. ಅದನ್ನು ಬುಡಕ್ಕೆ ಹೆರೆದರೆ ತೆಳು ಚರ್ಮ ನೇರವಾಗಿ ಸುಡುತ್ತದೆ. ಇದಕ್ಕಿಂತ ಕಾಡುವ ಪರಿಣಾಮ ಆಮೇಲಿನದು: ವಿಶ್ರಾಂತಿಯ ಹಂತದಲ್ಲಿದ್ದ ಬುಡಗಳು ಎಚ್ಚರಗೊಳ್ಳದೆ, ಬೋಳಿಸಿದ ಜಾಗದಲ್ಲಿ ಆರು ತಿಂಗಳು, ಒಮ್ಮೊಮ್ಮೆ ವರ್ಷಕ್ಕೂ ಮೇಲ್ಪಟ್ಟು ಕೂದಲೇ ಬಾರದಿರಬಹುದು, ಬಂದರೂ ಒಳತುಪ್ಪಳ ಮೊದಲು ನುಗ್ಗಿ ಹಿಂಜಿದ ಹತ್ತಿಯಂತಾಗಿ ಹಿಂದೆಂದಿಗಿಂತ ಬೇಗ ಸಿಕ್ಕುಗಟ್ಟುವುದುಂಟು. ಬೋಳಿಸಿದ ಮೇಲೆ ನಾಯಿ ಚುರುಕಾಯಿತೆಂದು ಹೇಳುವವರ ಮಾತನ್ನೂ ಸುಳ್ಳೆನ್ನಬೇಕಾಗಿಲ್ಲ. ತಿಂಗಳುಗಟ್ಟಲೆ ಬಾಚದೆ ಸತ್ತ ಒಳತುಪ್ಪಳ ಒತ್ತಾಗಿ ತುಂಬಿದ್ದಲ್ಲಿ ಗಾಳಿಯೇ ಆಡದೆ ನಾಯಿ ಬಳಲುತ್ತಿರುತ್ತದೆ. ಆ ಸತ್ತ ತುಪ್ಪಳ ತೊಲಗಿದ್ದಕ್ಕೆ ಬಂದ ಚುರುಕು, ಒಳತುಪ್ಪಳ ಬಾಚುವ ರೇಕ್‌ನಿಂದಲೂ ಬರುತ್ತಿತ್ತು. ಶಸ್ತ್ರಚಿಕಿತ್ಸೆ, ಚರ್ಮರೋಗಗಳಿಗೆ ವೈದ್ಯರು ಬೋಳಿಸುವ ಮಾತು ಬೇರೆ.

ಶಿಹ್ ತ್ಸುವಿನ ವಿಷಯದಲ್ಲಿ ತೀರ್ಪು ತಿರುಗುತ್ತದೆ. ಪ್ರದರ್ಶನದ ಅಂಗಳದಲ್ಲಿ ನೆಲಕ್ಕಿಳಿಯುವ ಕೂದಲು, ನೆತ್ತಿಯ ಮೇಲೆ ಕಟ್ಟಿದ ಜುಟ್ಟು ಇವು ತಳಿಯ ಘನತೆಯ ಗುರುತುಗಳು. ಆ ಕೂದಲನ್ನು ಉಳಿಸಲು ಪ್ರದರ್ಶಕರು ಅದನ್ನು ಕಾಗದದ ಸುರುಳಿಗಳಲ್ಲಿ ಸುತ್ತಿಡುವುದೂ ಉಂಟು. ಆ ರೂಪವನ್ನು ಚಿತ್ರದಲ್ಲಿ ಮೆಚ್ಚಿ, ಬೆಂಗಳೂರಿನ ಫ್ಲಾಟಿನಲ್ಲಿ ಅದನ್ನೇ ಉಳಿಸಿಕೊಳ್ಳಲು ಹೊರಡುವುದು ನಾಯಿಯ ಮೇಲಿನ ಹೊರೆ. ಮೊದಲ ವರ್ಷದ ಕೊನೆಗೆ ಮರಿಗೂದಲು ಹೋಗಿ ದೊಡ್ಡಗೂದಲು ಬರುವ ಕಾಲದಲ್ಲಂತೂ ದಿನ ಬಿಟ್ಟು ದಿನ ಬಾಚಿದರೂ ಸಿಕ್ಕು ತಪ್ಪುವುದಿಲ್ಲ. ಹಣೆಯ ಕೂದಲು ಉಬ್ಬಿದ ಕಣ್ಣುಗಳಿಗೆ ಸದಾ ಉಜ್ಜುತ್ತಿದ್ದರೆ ಕಣ್ಣೂ ಕೆಡುತ್ತದೆ. ಬೆಳೆಯುತ್ತಲೇ ಇರುವ ಈ ಕೂದಲನ್ನು ಒಂದಿಂಚಿನಷ್ಟು ಬಿಟ್ಟು ಕತ್ತರಿಸಿಕೊಳ್ಳುವ ‘ಪಪ್ಪಿ ಕಟ್’ ಪ್ರದರ್ಶನದವರ ಕಣ್ಣಿಗೆ ಬಡತನವಾಗಿ ಕಂಡರೂ, ಮನೆಯಲ್ಲಿ ಬದುಕುವ ನಾಯಿಗೆ ಅದೇ ಸರಿಯಾದ ರೂಪ.

ಇಷ್ಟಾದರೂ ಮನೆಯ ಈ ಆರೈಕೆ ನಡೆಯುವುದು ನಾಯಿ ಒಪ್ಪಿದರೆ ಮಾತ್ರ. ಮೂರರಿಂದ ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಮರಿ ಹೊಸ ಸ್ಪರ್ಶಗಳನ್ನು ಸುಲಭವಾಗಿ ಒಗ್ಗಿಸಿಕೊಳ್ಳುತ್ತದೆ. ಆಗ ಬಾಚುವ ಅಗತ್ಯವೇ ಇಲ್ಲದಷ್ಟು ಕೂದಲು ಗಿಡ್ಡವಾಗಿರುವುದರಿಂದ ಯಾರೂ ಬಾಚಣಿಗೆ ಮುಟ್ಟಿಸುವುದಿಲ್ಲ, ವರ್ಷದ ಮೇಲೆ ಸಿಕ್ಕು ಬಂದಾಗ ಮೊದಲ ಬಾರಿಗೆ ಹಿಡಿದು ಕೂರಿಸುತ್ತಾರೆ, ಆ ಮೊದಲ ಅನುಭವವೇ ನೋವಿನದಾಗಿ ನಾಯಿ ಮುಂದೆಂದೂ ಬಾಚಣಿಗೆಯನ್ನು ಹತ್ತಿರ ಬಿಡುವುದಿಲ್ಲ. ಮರಿ ಮನೆಗೆ ಬಂದ ವಾರದಿಂದಲೇ ದಿನಕ್ಕೆರಡು ನಿಮಿಷ ಪಾದ, ಕಿವಿ, ಕಂಕುಳುಗಳನ್ನು ಮುಟ್ಟಿ, ಬಾಚಣಿಗೆ ಆಡಿಸಿ, ತಿನಿಸು ಕೊಡುವುದು ಮುಂದಿನ ಹತ್ತು ಹನ್ನೆರಡು ವರ್ಷಗಳ ಕೆಲಸವನ್ನು ಹಗುರಗೊಳಿಸುತ್ತದೆ. ದೊಡ್ಡದಾದ ಮೇಲೆ ದಿನಕ್ಕೆ ಕಾಲು ಗಂಟೆಯಾದರೂ ಈ ಕೆಲಸಕ್ಕೆ ಬೇಕು. ಅಷ್ಟು ಹೊತ್ತು ಕೊಡಲಾರದ ಮನೆಯವರು ನೀಳಗೂದಲಿನ ಮರಿಗೆ ಮುಂಗಡ ಕೊಡುವ ಮೊದಲು, ಮನೆಯ ಮುಂದಿನ ಬೀದಿಯಲ್ಲೇ ಇರುವ ತುಂಡುಗೂದಲಿನ ಮರಿಗಳನ್ನು ಒಮ್ಮೆ ನೋಡಲಿ.