ಪ್ಲಿನಿಯ ಸಮುದ್ರತೀರದ ಭವನ

ರೋಮನ್ ಲೇಖಕನಾದ ಕಿರಿಯ ಪ್ಲಿನಿಯು (ಕ್ರಿ. ಶ. ಸು. 61–113) ಲಾರೆಂಟಮ್ಮಿನ ಕಡಲ ತೀರದಲ್ಲಿದ್ದ ತನ್ನ ಭವನವನ್ನು ಗ್ಯಾಲಸ್ ಎಂಬ ಮಿತ್ರನಿಗೆ ಬರೆದ ಪತ್ರವೊಂದರಲ್ಲಿ ವರ್ಣಿಸಿದ್ದಾನೆ. ಅವನ ಪತ್ರಸಂಗ್ರಹದ ಎರಡನೆಯ ಭಾಗದಲ್ಲಿ ಇದು 17ನೆಯದು. ರೋಮಿಗೆ 17 ಮೈಲಿ ದೂರದಲ್ಲಿದ್ದ ಆ ಭವನದ ನೆಲೆ ಇಂದಿಗೂ ಸರ್ವಸಮ್ಮತವಾಗಿ ನಿರ್ಣಯವಾಗಿಲ್ಲ. ಪತ್ರ ಮಾತ್ರ ಉಳಿದಿದೆ. ಇದನ್ನಾಧರಿಸಿ 1615ರಲ್ಲಿ ಸ್ಕಮೋಟ್ಸಿಯೂ 1699ರಲ್ಲಿ ಫೆಲಿಬಿಯನ್ನನೂ 1728ರಲ್ಲಿ ಕ್ಯಾಸೆಲನೂ ಪ್ರಕಟಿಸಿದ ನಕ್ಷೆಗಳು ಒಂದನ್ನೊಂದು ಹೋಲುವುದಿಲ್ಲ. ಆದಕಾರಣ ವರ್ಣನೆಯೇ ಅಸ್ಪಷ್ಟವೆಂದು ಆಕ್ಷೇಪಿಸಬಹುದು. ಈ ಆಕ್ಷೇಪಣೆ ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.

ಪತ್ರದಲ್ಲಿ ಕೋಣೆಗಳ ಉದ್ದಗಲಗಳಿಲ್ಲವೆಂಬುದು ನಿಜ. ಆದರೆ ಬಿಸಿಲು ಯಾವ ಹೊತ್ತಿನಲ್ಲಿ ಯಾವ ಕಿಟಕಿಯಿಂದ ಬರುವುದು, ಗಾಳಿಗೆ ಎಲ್ಲಿ ತಡೆಯುಂಟು ಎಂಬುವು ನಿಷ್ಕೃಷ್ಟವಾಗಿವೆ. ವಾಚಕನು ತೊಟ್ಟಿಯನ್ನು ದಾಟಿ, ಬಾಗಿದ ಮೊಗಸಾಲೆಯನ್ನೂ ಒಳ ಅಂಗಳವನ್ನೂ ಹಾದು, ಅಲೆಗಳು ಬಂದು ತಾಕುವ ಭೋಜನಶಾಲೆಯನ್ನು ಸೇರುತ್ತಾನೆ. ಮೂರು ಕಡೆಗೂ ಕಡಲು. ಅಲ್ಲಿಂದ ಹಿಂದಿರುಗಿ ನೋಡಿದರೆ, ತಾನು ಹಾದು ಬಂದ ಅಂಗಳ, ಮೊಗಸಾಲೆ, ತೊಟ್ಟಿಗಳೇ ವಿಲೋಮಕ್ರಮದಲ್ಲಿ ತೋರಿ, ಅವುಗಳಾಚೆ ಕಾಡೂ ದೂರದ ಬೆಟ್ಟಗಳೂ ಕಾಣುವುವು. ಮನೆಯೊಳಗೆ ನಡೆಯುವವನ ಅನುಭವಕ್ರಮವೇ ಇಲ್ಲಿ ವಾಕ್ಯಗಳ ಕ್ರಮವಾಗಿದೆ. ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವೂ ಒಂದಷ್ಟೆ. ಅಲ್ಲಿ ಅದು ಪ್ರಾಯಶಃ ಕವಿಸಮಯಗಳಿಂದ ಅಲಂಕೃತವಾಗಿ ಬೇರೆಯೇ ನಿಲ್ಲುವುದು. ಪ್ಲಿನಿಯಲ್ಲಿ ಅದು ಕಿಟಕಿಯ ಚೌಕಟ್ಟಿಗೊಳಪಟ್ಟು ಮನೆಯ ಅಂಗವೇ ಆಗಿದೆ.

ಆದರೂ ಗುಣಪಕ್ಷಪಾತದಿಂದ ದೋಷವನ್ನು ಮರೆಯಲಾಗದು. ಹರಿಯುವ ನೀರಿಲ್ಲವೆಂಬ ಕೊರತೆಯನ್ನು ಪ್ಲಿನಿಯು ಸರಳವಾಗಿ ಒಪ್ಪುತ್ತಾನೆ. ಈಜುತ್ತ ಕಡಲನ್ನು ನೋಡಬಹುದಾದ ಬಿಸಿನೀರಿನ ಕೊಳವನ್ನು ಹೊಗಳುತ್ತಾನೆ. ಅದನ್ನು ಕಾಯಿಸಿದವರ ಮಾತಿಲ್ಲ. ದಾಸರ ಕೋಣೆಗಳನ್ನು ಹೆಸರಿಸುವಾಗಲೂ, ಅವುಗಳಲ್ಲಿ ಬಹುಮಟ್ಟಿನವು ಅತಿಥಿಗಳಿಗೂ ತಕ್ಕಷ್ಟು ಶುಚಿಯೆಂಬುದೇ ಅವನ ಪ್ರಶಂಸೆ. ಅವನಿಗೆ ಅತ್ಯಂತ ಪ್ರಿಯವಾದುದು ತಾನೇ ಕಟ್ಟಿಸಿದ ಏಕಾಂತಗೃಹ. ಅದರ ಶಯನಾಗಾರಕ್ಕೆ ದಾಸರ ದನಿಯೂ ಕಡಲ ಮೊರೆತವೂ ತಲಪವು. ದಾಸರಿಗೆ ಸ್ವೇಚ್ಛೆಯಿದ್ದ ಸ್ಯಾಟರ್ನೇಲಿಯಾ ಹಬ್ಬದ ಗದ್ದಲದಲ್ಲಿ ಅವನಿಗೆ ಆ ಗೃಹವೇ ಆಶ್ರಯ. ಇದುವರೆಗೆ ಕೊಂಡಾಡಿದ ಕಡಲನ್ನೂ, ಮನೆಯನ್ನು ನಡೆಸಿದ ಜನರನ್ನೂ ಒಟ್ಟಿಗೆ ಹೊರಗಿಟ್ಟಾಗಲೇ ಅವನ ಸುಖ ಪೂರ್ಣವಾಗುವುದು.

ನಕ್ಷೆಗಾಗಿ ಓದಿದವರಿಗೆ ಈ ವೈಪರೀತ್ಯ ಕಾಣಲಾರದು. ಪತ್ರವನ್ನು ಗದ್ಯಕಾವ್ಯವೆಂದು ಓದುವವರಿಗೆ ಅದರ ಸೊಬಗಿನೊಡನೆ ಅದರ ಮೌನವೂ ಗೋಚರವಾಗುವುದು. ಪಾಠ ಹೇಳುವವರು ಇವೆರಡನ್ನೂ ವಿದ್ಯಾರ್ಥಿಗಳಿಗೆ ತೋರಿಸಿಕೊಡುವುದು ಅವಶ್ಯಕ.