ತಟ್ಟುವ ಕೈ, ನಡುಗುವ ಕೈ

ಹೊಸದಾಗಿ ಸಂಗೀತಕ್ಕೆ ಕೂತವರಿಗೆ ಸ್ವರಕ್ಕಿಂತ ಮೊದಲು ಕೈಕೊಡುವುದು ತಾಳ. ಕಿವಿಗೆ ಲೆಕ್ಕ ತಿಳಿದಿರುತ್ತದೆ, ಕೈಗೆ ಬರುವುದಿಲ್ಲ. ಈ ಅಂತರವನ್ನು ಯಂತ್ರದಿಂದ ದಾಟಿಸಲು ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಸೈಮನ್ ಹಾಲೆಂಡ್ ಮತ್ತು ಸಂಗಡಿಗರು ‘ಹ್ಯಾಪ್ಟಿಕ್ ಡ್ರಮ್ ಕಿಟ್’ ರೂಪಿಸಿದರು. ಅದರ ಕುರಿತ ಅವರ ಪ್ರಬಂಧ 2010ರಲ್ಲಿ ಬಂತು. ಕಲಿಯುವವರ ಎರಡೂ ಮಣಿಕಟ್ಟು, ಎರಡೂ ಕಣಕಾಲಿಗೆ ಕಂಪಿಸುವ ಪುಟ್ಟ ಸಾಧನಗಳನ್ನು ಕಟ್ಟುತ್ತಾರೆ. ಯಾವ ಅಂಗ ಬಡಿಯಬೇಕೋ ಆ ಅಂಗವೇ ಆ ಗಳಿಗೆಯಲ್ಲಿ ನಡುಗುತ್ತದೆ.

ಇದರಲ್ಲೊಂದು ನಿಜವಾದ ಒಳನೋಟವಿದೆ. ಡ್ರಮ್ ವಾದನವನ್ನು ಬರೀ ಕೇಳಿದಾಗ ನಾಲ್ಕು ಅಂಗಗಳ ಕೆಲಸ ಒಂದೇ ಸದ್ದಾಗಿ ಕಲಸಿಹೋಗುತ್ತದೆ. ಕಂಪನ ಅದನ್ನು ಎಳೆಎಳೆಯಾಗಿ ಬಿಡಿಸಿ ಆಯಾ ಅಂಗಕ್ಕೆ ಒಪ್ಪಿಸುತ್ತದೆ. ಲಯವನ್ನು ಮೈಯಿಂದಲೇ ಕಲಿಯಬೇಕೆಂಬುದು ಹೊಸ ಮಾತಲ್ಲ. 1892ರಲ್ಲಿ ಜಿನೀವಾದ ಸಂಗೀತಶಾಲೆಯಲ್ಲಿ ಪಾಠಕ್ಕೆ ನಿಂತ ಎಮಿಲ್ ಜಾಕ್-ಡಾಲ್‌ಕ್ರೋಜ಼್ ಮುಂದೆ ಶಿಷ್ಯರನ್ನು ನಡೆಸಿ, ಕುಣಿಸಿ ಲಯ ಕಲಿಸಿದವನು.

ಆದರೆ ನಡೆಯುವುದು ಬೇರೆ, ನಡುಗಿಸಿಕೊಳ್ಳುವುದು ಬೇರೆ. ಕಂಪನ ಬಂದ ಮೇಲೆ ಕೈ ಎತ್ತಿದವನು ಪ್ರತಿ ಸಲವೂ ತಡವಾಗುತ್ತಾನೆ. ಲಯವೆಂದರೆ ಬರಲಿರುವ ಪೆಟ್ಟನ್ನು ಮೊದಲೇ ಬಲ್ಲವನಾಗಿರುವುದು.

ನಮ್ಮ ಆದಿತಾಳವನ್ನೇ ನೋಡಿ. ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ತಟ್ಟು ಮತ್ತು ಬೀಸು. ಒಟ್ಟು 8 ಅಕ್ಷರ. ಇಲ್ಲಿ ಮೈ ಸೂಚನೆ ಪಡೆಯುವುದಿಲ್ಲ, ತಾನೇ ಕಾಲವನ್ನು ಕಟ್ಟುತ್ತದೆ. ಅನಾಗತ ಎಡುಪಿನ ಕೃತಿಯಲ್ಲಿ ತಟ್ಟು ಮೊದಲು, ಹಾಡು ಆಮೇಲೆ. ಒಂದೇ ಮೈಯಲ್ಲಿ ಎರಡು ದಾರಿಗಳನ್ನು ಸಂಭಾಳಿಸಬೇಕು. ಹೊರಗಿನ ಕಂಪನ ಆ ಜಾಗರೂಕತೆಯನ್ನು ತಾನಾಗಿ ತಂದುಕೊಡಲಾರದು.

ಹಾಗೆಂದು ನಾವು ಬೀಗಬೇಕಿಲ್ಲ. ಗುರುವಿನ ತೊಡೆಯ ಮೇಲೆ ಕಣ್ಣಿಟ್ಟು, ಅವರ ಕೈ ಬಿದ್ದಾಗ ತನ್ನ ಕೈ ಬೀಳಿಸುವ ವಿದ್ಯಾರ್ಥಿ ಪ್ರತಿ ತರಗತಿಯಲ್ಲೂ ಇರುತ್ತಾನೆ. ಅವನಿಗೆ ಗುರುವೇ ಕೈಪಟ್ಟಿ. ಗುರು ಕೈ ನಿಲ್ಲಿಸಿದರೆ ಅವನ ತಾಳವೂ ನಿಲ್ಲುತ್ತದೆ. ತಪ್ಪು ಯಂತ್ರದ್ದಲ್ಲ, ಒರಗಿಕೊಳ್ಳುವ ಅಭ್ಯಾಸದ್ದು.

ಆದ್ದರಿಂದ ಇಂಥ ಸಾಧನವನ್ನು ಅದು ಕಟ್ಟಿಕೊಂಡಿರುವಾಗ ಎಷ್ಟು ಚೆನ್ನಾಗಿ ನುಡಿಸಿದೆವೆಂಬುದರಿಂದ ಅಳೆಯಬಾರದು. ಎರಡು ಆವರ್ತ ಕಟ್ಟಿಕೊಂಡು ನುಡಿಸಿ, ಮೂರನೆಯದಕ್ಕೆ ಬಿಚ್ಚಿಡಿ. ಆಗಲೂ ಕೈ ಸಮಕ್ಕೆ ಬಂದು ನಿಂತರೆ ಕಲಿಸಿತೆನ್ನೋಣ.